ಕೋಷ್ಟಕವನ್ನು ಇದ್ದಲ್ಲೇ ವಿಂಗಡಿಸುವ ಆಡ್‌ಆನ್: ಎರಡು ವರ್ಷ ಬಳಸಿದ ಮೇಲೆ

ವೆಬ್ ಪುಟವೊಂದರಲ್ಲಿ ನಾಲ್ಕು ನೂರು ಸಾಲುಗಳ ಕೋಷ್ಟಕ ಎದುರಾದಾಗ ನಮಗೆ ಬೇಕಾಗಿರುವುದು ಆ ನಾಲ್ಕು ನೂರು ಸಾಲುಗಳಲ್ಲ. ಎಲ್ಲಕ್ಕಿಂತ ಹೆಚ್ಚು ಯಾವುದು, ಎಲ್ಲಕ್ಕಿಂತ ಕಡಿಮೆ ಯಾವುದು, ಇಂಥ ಹೆಸರು ಎಲ್ಲೆಲ್ಲಿ ಬಂದಿದೆ, ಈ ಎರಡು ಷರತ್ತುಗಳಿಗೂ ಹೊಂದುವ ಸಾಲು ಯಾವುದು ಎಂಬಂಥ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕಾಗಿರುತ್ತದೆ. ಆದರೆ ಪುಟ ಬರೆದವರು ತಮಗೆ ಸರಿತೋರಿದ ಕ್ರಮದಲ್ಲಿ ಸಾಲುಗಳನ್ನು ಜೋಡಿಸಿಟ್ಟಿರುತ್ತಾರೆ, ಓದುವವರು ಅದೇ ಕ್ರಮದಲ್ಲಿ ಕಣ್ಣಾಡಿಸುತ್ತ ಕೆಳಗಿಳಿಯಬೇಕಾಗುತ್ತದೆ. ಅಂಕಿ ಅಂಶಗಳನ್ನು ಮೂಲದೊಂದಿಗೆ ತಾಳೆ ನೋಡುವುದೇ ನನ್ನ ಕೆಲಸವಾದ್ದರಿಂದ ಈ ತೊಂದರೆ ನನಗೆ ಪ್ರತಿದಿನದ್ದು. ಮೊದಲೆಲ್ಲ ಕೋಷ್ಟಕವನ್ನು ಪೂರ್ತಿ ಆಯ್ದು, ಕಾಪಿ ಮಾಡಿ, ಸ್ಪ್ರೆಡ್‌ಶೀಟಿಗೆ ಅಂಟಿಸಿ, ಮುರಿದುಹೋದ ತಲೆಬರಹಗಳನ್ನು ಸರಿಪಡಿಸಿ, ಆಮೇಲೆ ವಿಂಗಡಿಸಿ ನೋಡುತ್ತಿದ್ದೆ. ಒಂದು ಪ್ರಶ್ನೆಗೆ ಇಷ್ಟು ಕೆಲಸ. ಎರಡು ವರ್ಷಗಳಿಂದ ಅದನ್ನು ಬ್ರೌಸರಿಗೆ ಹೆಚ್ಚುವರಿಯಾಗಿ ಸೇರಿಸಿಕೊಳ್ಳುವ ಒಂದು ಪುಟ್ಟ ತಂತ್ರಾಂಶಕ್ಕೆ, ಅಂದರೆ ಆಡ್‌ಆನ್‌ಗೆ ಒಪ್ಪಿಸಿದ್ದೇನೆ. ಅದು ಎಲ್ಲಿ ನಂಬಿಕೆಗೆ ಅರ್ಹವಾಗಿದೆ, ಎಲ್ಲಿ ಇಲ್ಲ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಇಂಥದ್ದೊಂದು ಹೊರಗಿನ ಉಪಕರಣ ಏಕೆ ಬೇಕಾಗುತ್ತದೆ ಎಂದು ಕೆಲವರು ಕೇಳಬಹುದು. ವೆಬ್‌ನಲ್ಲಿ ಕೋಷ್ಟಕಗಳಿಗೆ ಸಾಕಷ್ಟು ವಯಸ್ಸಾಗಿದೆ: ವೆಬ್ ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಕೋಷ್ಟಕಗಳ ವಿವರಣೆ 1996ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 1942 ಎಂಬ ದಾಖಲೆಯಾಗಿ ಪ್ರಕಟವಾಯಿತು, 1997ರ ಜನವರಿಯಲ್ಲಿ ಬಂದ ಎಚ್‌ಟಿಎಂಎಲ್ 3.2ರಲ್ಲಿ ಕೋಷ್ಟಕ ಅಧಿಕೃತ ಸ್ಥಾನ ಪಡೆಯಿತು. ಆದರೂ ಓದುಗರೇ ಅದನ್ನು ವಿಂಗಡಿಸಿಕೊಳ್ಳುವ ಸೌಲಭ್ಯ ಬ್ರೌಸರುಗಳಿಗೆ ಇಂದಿಗೂ ಬಂದಿಲ್ಲ. ಅಂಥದ್ದೊಂದು ಗುಣವನ್ನು ಎಚ್‌ಟಿಎಂಎಲ್‌ನ ಕರಡಿನಲ್ಲಿ ಒಮ್ಮೆ ಸೇರಿಸಿದ್ದರು, ಬ್ರೌಸರುಗಳು ಅಳವಡಿಸಿಕೊಳ್ಳದ ಕಾರಣ ಆಮೇಲೆ ತೆಗೆದುಹಾಕಿದರು. ಹೀಗಾಗಿ ಪುಟ ಮಾಡಿದವರು ಮನಸ್ಸು ಮಾಡಿದರೆ ಮಾತ್ರ ಕೋಷ್ಟಕ ವಿಂಗಡಣೆಗೆ ಒಗ್ಗುತ್ತದೆ. ವಿಕಿಪೀಡಿಯದ ಅನೇಕ ಕೋಷ್ಟಕಗಳಲ್ಲಿ ತಲೆಬರಹದ ಪಕ್ಕ ಕಾಣುವ ಪುಟ್ಟ ಬಾಣಗಳು ಅಲ್ಲಿನ ಸಂಪಾದಕರು ಕೇಳಿ ಹಾಕಿಸಿದಂಥವು, ತಾವಾಗಿ ಬಂದವಲ್ಲ. ಉಳಿದ ಬಹುಪಾಲು ಪುಟಗಳಲ್ಲಿ ಕೋಷ್ಟಕವೆಂದರೆ ಮುದ್ರಿತ ಹಾಳೆಯಂತೆ ಅಲುಗಾಡದ ವಸ್ತು.

ಆಡ್‌ಆನ್‌ನ ಹೆಸರನ್ನು ನಾನಿಲ್ಲಿ ಹೇಳುತ್ತಿಲ್ಲ. ಇದೇ ಕೆಲಸ ಮಾಡುವ, ಹೆಚ್ಚು ಕಡಿಮೆ ಇದೇ ಬಗೆಯ ಹೆಸರಿನ ಆಡ್‌ಆನ್‌ಗಳು ಹಲವಾರಿವೆ, ಅವುಗಳ ಬಾಳಿಕೆಯೂ ನಿಶ್ಚಿತವಲ್ಲ. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57 ಬಂದಾಗ ಹಳೆಯ ಮಾದರಿಯ ಆಡ್‌ಆನ್‌ಗಳೆಲ್ಲ ಒಮ್ಮೆಲೇ ಕೆಲಸ ನಿಲ್ಲಿಸಿದವು, ಕೋಷ್ಟಕಗಳಿಗೆಂದೇ ಇದ್ದಂಥವೂ ಅವುಗಳೊಂದಿಗೆ ಹೋದವು. ಹೆಸರಿಗಿಂತ ನಡವಳಿಕೆಯನ್ನು ಒರೆಗೆ ಹಚ್ಚುವುದು ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ, ಇಲ್ಲಿ ಹೇಳಿರುವ ಪರೀಕ್ಷೆಗಳನ್ನು ಓದುಗರು ತಮ್ಮ ಬಳಿ ಇರುವ ಯಾವುದೇ ಆಡ್‌ಆನ್‌ನ ಮೇಲೆ ಮಾಡಿ ನೋಡಬಹುದು.

ಬಳಕೆಯ ಕ್ರಮ ಸರಳವಾಗಿದೆ. ಬ್ರೌಸರಿನ ಮೇಲ್ಪಟ್ಟಿಯಲ್ಲಿರುವ ಗುರುತನ್ನು ಒತ್ತಿದರೆ ಪುಟದಲ್ಲಿರುವ ಕೋಷ್ಟಕಗಳ ಸುತ್ತ ತೆಳುವಾದ ಗೆರೆ ಮೂಡುತ್ತದೆ. ಬೇಕಾದ ಕೋಷ್ಟಕವನ್ನು ಆರಿಸಿಕೊಂಡರೆ ಪ್ರತಿ ಕಾಲಂನ ತಲೆಬರಹದ ಕೆಳಗೆ ಹುಡುಕಾಟದ ಒಂದೊಂದು ಚೌಕ, ತಲೆಬರಹದ ಪಕ್ಕದಲ್ಲಿ ಏರಿಕೆ ಮತ್ತು ಇಳಿಕೆ ಕ್ರಮದ ಬಾಣಗಳು, ಕೋಷ್ಟಕದ ನೆತ್ತಿಯಲ್ಲಿ ಒಟ್ಟಾರೆ ಹುಡುಕಾಟಕ್ಕೆ ಒಂದು ಚೌಕ ಮತ್ತು ‘ಮೂಲ ಕ್ರಮ’ ಎಂಬರ್ಥದ ಒಂದು ಗುಂಡಿ ಬರುತ್ತವೆ. ಪುಟವನ್ನು ಮತ್ತೆ ಲೋಡ್ ಮಾಡಿದರೆ ಎಲ್ಲವೂ ಮಾಯ. ಈ ಕೊನೆಯ ಗುಂಡಿ ಸಣ್ಣದೆಂದು ಕಾಣಬಹುದು, ಆದರೆ ನನ್ನ ಕೆಲಸದಲ್ಲಿ ಅದಿಲ್ಲದ ಆಡ್‌ಆನ್ ಅರ್ಧ ಮಾತ್ರ ಉಪಯೋಗಕ್ಕೆ ಬರುವಂಥದ್ದು. ಪುಟ ಬರೆದವರು ಸಾಲುಗಳನ್ನು ಜೋಡಿಸಿದ ಕ್ರಮವೂ ಮಾಹಿತಿಯೇ. ವಿಂಗಡಿಸಿ ನೋಡಿದ ಮೇಲೆ ಆ ಕ್ರಮಕ್ಕೆ ಮರಳಿ ಪಕ್ಕದ ಸಾಲುಗಳೊಂದಿಗೆ ಇಟ್ಟು ನೋಡಿದಾಗಲೇ ಎಷ್ಟೋ ತಪ್ಪುಗಳು ಕಣ್ಣಿಗೆ ಬೀಳುತ್ತವೆ.

ವಿಂಗಡಿಸುವುದು ಯಂತ್ರಕ್ಕೆ ಸುಲಭದ ಕೆಲಸವೆಂದು ಮೇಲ್ನೋಟಕ್ಕೆ ತೋರುತ್ತದೆ. ಸಾಲುಗಳನ್ನು ಮೇಲೆ ಕೆಳಗೆ ಮಾಡುವುದು ಸುಲಭವೇ ಸರಿ. ಸೆಲ್ ಒಂದರಲ್ಲಿ, ಅಂದರೆ ಕೋಷ್ಟಕದ ಒಂದು ಮನೆಯಲ್ಲಿ, ಇರುವುದು ಸಂಖ್ಯೆಯೇ, ಪದವೇ, ದಿನಾಂಕವೇ ಎಂದು ತೀರ್ಮಾನಿಸುವುದು ಮಾತ್ರ ಕಷ್ಟ, ಏಕೆಂದರೆ ಪುಟದಲ್ಲಿ ಅವೆಲ್ಲವೂ ಕೇವಲ ಅಕ್ಷರಗಳ ಸರಣಿ. ಆ ತೀರ್ಮಾನ ತಪ್ಪಿದರೆ ವಿಂಗಡಣೆ ನಿಲ್ಲುವುದಿಲ್ಲ, ತಪ್ಪು ಕ್ರಮದಲ್ಲಿ ಅಚ್ಚುಕಟ್ಟಾಗಿ ನಡೆದುಬಿಡುತ್ತದೆ. ನೋಡುವವರಿಗೆ ಅದು ಸರಿಯಾದದ್ದೆಂದೇ ಕಾಣುತ್ತದೆ. ಆದ್ದರಿಂದ ಇಂಥ ಆಡ್‌ಆನ್ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕಿಂತ, ಸೆಲ್‌ನಲ್ಲಿರುವುದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತದೆ, ತಾನು ಹಾಗೆ ಅರ್ಥ ಮಾಡಿಕೊಂಡಿದ್ದೇನೆಂದು ನಮಗೆ ತಿಳಿಸುತ್ತದೆಯೇ, ತಪ್ಪಿದ್ದರೆ ತಿದ್ದಲು ಬಿಡುತ್ತದೆಯೇ ಎಂಬುದನ್ನೇ ನಾನು ಮುಖ್ಯವಾಗಿ ನೋಡುತ್ತೇನೆ.

ಇದಕ್ಕಾಗಿ ನಾನು ಇಟ್ಟುಕೊಂಡಿರುವ ಪರೀಕ್ಷೆಯ ಕೋಷ್ಟಕ ಲೋಹಗಳ ಕರಗುವ ಬಿಂದುವಿನದು. ಸೆಲ್ಸಿಯಸ್ ಡಿಗ್ರಿಗಳಲ್ಲಿ ಚಿನ್ನ 1064, ತಾಮ್ರ 1085, ಕಬ್ಬಿಣ 1538, ತವರ 231.9, ಗ್ಯಾಲಿಯಂ 29.8, ಸೀಸ 327.5, ಟಂಗ್‌ಸ್ಟನ್ 3422, ಸತು 419.5, ಅಲ್ಯೂಮಿನಿಯಂ 660.3, ಬೆಳ್ಳಿ 961.8. ನಾನು ಈಗ ಬರೆದ ಕ್ರಮವೇ ಒಂದು ತಪ್ಪು ವಿಂಗಡಣೆಯ ಫಲ. ಸಂಖ್ಯೆಗಳನ್ನು ಪದಗಳೆಂದು ಭಾವಿಸಿ ಮೊದಲ ಅಂಕಿಯಿಂದ ಹೋಲಿಸುತ್ತ ಹೋದರೆ ಇದೇ ಏರಿಕೆ ಕ್ರಮ ಬರುತ್ತದೆ: ಒಂದರಿಂದ ಶುರುವಾಗುವ ಚಿನ್ನ, ತಾಮ್ರ, ಕಬ್ಬಿಣ ಮೊದಲು, ಒಂಬತ್ತರಿಂದ ಶುರುವಾಗುವ ಬೆಳ್ಳಿ ಕೊನೆಗೆ. ಲೋಹಗಳಲ್ಲೆಲ್ಲ ಅತಿ ಹೆಚ್ಚು ಉಷ್ಣತೆಯಲ್ಲಿ ಕರಗುವ ಟಂಗ್‌ಸ್ಟನ್ ಸೀಸಕ್ಕೂ ಸತುವಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಹತ್ತು ಸಾಲುಗಳಲ್ಲಿ ಈ ತಪ್ಪು ಕಣ್ಣಿಗೆ ಹೊಡೆಯುತ್ತದೆ, ನಾಲ್ಕು ನೂರು ಸಾಲುಗಳಲ್ಲಿ ಹೊಡೆಯುವುದಿಲ್ಲ. ಈ ಮೊದಲ ಪರೀಕ್ಷೆಯಲ್ಲಿ ನಮ್ಮ ಆಡ್‌ಆನ್ ಸಲೀಸಾಗಿ ತೇರ್ಗಡೆಯಾಯಿತು. ಇಂದು ಇದರಲ್ಲಿ ಸೋಲುವ ಉಪಕರಣವನ್ನು ಬಳಸಲೇಬಾರದು.

ಎರಡನೆಯ ಪರೀಕ್ಷೆ ಅಲ್ಪವಿರಾಮದ್ದು. ಅದೇ ಕೋಷ್ಟಕದಲ್ಲಿ ಸಾವಿರದ ಸ್ಥಾನಕ್ಕೆ ಅಲ್ಪವಿರಾಮ ಹಾಕಿ 3,422 ಎಂದು ಬರೆದರೆ, ಸಂಖ್ಯೆಯನ್ನು ಓದಲು ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ಸಾಮಾನ್ಯವಾಗಿ ಬಳಸುವ ವಿಧಾನವು ಅಲ್ಪವಿರಾಮ ಕಂಡ ಕೂಡಲೇ ನಿಂತು ಬರೀ 3 ಎಂದು ತಿಳಿಯುತ್ತದೆ. ಆಗ ಟಂಗ್‌ಸ್ಟನ್ 3 ಡಿಗ್ರಿಯಲ್ಲೂ, ಕಬ್ಬಿಣ, ಚಿನ್ನ, ತಾಮ್ರಗಳು 1 ಡಿಗ್ರಿಯಲ್ಲೂ ಕರಗುವ ಲೋಹಗಳಾಗಿ ಗ್ಯಾಲಿಯಂಗಿಂತ ಮೇಲಕ್ಕೆ ಏರಿ ಕೂರುತ್ತವೆ. ಆಡ್‌ಆನ್ ಅಲ್ಪವಿರಾಮಗಳನ್ನು ಬಿಟ್ಟು ಓದುತ್ತದೆ, 12,34,567 ಎಂದು ಲಕ್ಷದ ಲೆಕ್ಕದಲ್ಲಿ ಬರೆದರೂ 1,234,567 ಎಂದು ಮಿಲಿಯನ್ನಿನ ಲೆಕ್ಕದಲ್ಲಿ ಬರೆದರೂ ಒಂದೇ ಬೆಲೆ ಕೊಡುತ್ತದೆ. ಆದರೆ ಯುರೋಪಿನ ಹಲವು ಭಾಷೆಗಳ ಪುಟಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮವನ್ನೂ ಸಾವಿರಕ್ಕೆ ಚುಕ್ಕಿಯನ್ನೂ ಬಳಸುತ್ತಾರೆ. ಅಲ್ಲಿ 29,8 ಎಂಬುದು 298 ಆಗಿಬಿಡುತ್ತದೆ. ಇದನ್ನು ಆಡ್‌ಆನ್ ತಾನಾಗಿ ಪತ್ತೆ ಮಾಡುವುದಿಲ್ಲ, ಕಾಲಂಗೆ ಸಂಬಂಧಿಸಿದ ಆಯ್ಕೆಯಲ್ಲಿ ನಾವೇ ಹೇಳಬೇಕು. ಅದಕ್ಕೆ ನನ್ನ ಆಕ್ಷೇಪವಿಲ್ಲ. ಊಹಿಸಿ ತಪ್ಪುವುದಕ್ಕಿಂತ ಕೇಳಿ ಮಾಡುವುದು ಮೇಲು.

ಮೂರನೆಯದಾಗಿ ಪಾದರಸವನ್ನು ಸೇರಿಸಿದೆ. ಅದು ಕರಗುವುದು ಸೊನ್ನೆಗಿಂತ ಕೆಳಗೆ, −38.8 ಡಿಗ್ರಿಯಲ್ಲಿ. ಕೀಬೋರ್ಡಿನಲ್ಲಿ ಸಿಗುವ ಅಡ್ಡಗೆರೆಯನ್ನು ಹಾಕಿ ಬರೆದರೆ ತೊಂದರೆಯಿಲ್ಲ, ಆದರೆ ಅಚ್ಚುಕಟ್ಟಾಗಿ ಮಾಡಿದ ಪುಟಗಳಲ್ಲಿ ನಿಜವಾದ ಋಣಚಿಹ್ನೆಯನ್ನು ಬಳಸಿರುತ್ತಾರೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಕೇತಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಅದು ಬೇರೆಯೇ ಅಕ್ಷರ. ಕಣ್ಣಿಗೆ ಎರಡೂ ಒಂದೇ ಗೆರೆ, ಯಂತ್ರಕ್ಕೆ ಎರಡನೆಯದು ಸಂಖ್ಯೆಯ ಭಾಗವೇ ಅಲ್ಲ. ನಾನು ಬಳಸಲು ಶುರು ಮಾಡಿದಾಗಿನ ಆವೃತ್ತಿಯಲ್ಲಿ ಪಾದರಸ ಪಟ್ಟಿಯ ತುದಿಗೆ, ಟಂಗ್‌ಸ್ಟನ್ನಿಗಿಂತಲೂ ಆಚೆಗೆ ಹೋಗಿ ನಿಲ್ಲುತ್ತಿತ್ತು. ಸೊನ್ನೆಗಿಂತ ಕೆಳಗಿನ ಅಂಕಿಗಳಿರುವ ಯಾವ ಕೋಷ್ಟಕದಲ್ಲೂ ಹೀಗಾಗುತ್ತಿತ್ತು: ಅತಿ ಕಡಿಮೆ ಯಾವುದೆಂದು ಹುಡುಕಿದರೆ ಉತ್ತರ ಅತಿ ಹೆಚ್ಚಿನ ತುದಿಯಲ್ಲಿ ಇರುತ್ತಿತ್ತು. ನಂತರದ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದ್ದಾರೆ. ಹೊಸದಾಗಿ ಯಾವುದೇ ಆಡ್‌ಆನ್ ಹಾಕಿಕೊಳ್ಳುವವರು ಮೊದಲು ಮಾಡಬೇಕಾದ ಪರೀಕ್ಷೆ ಇದೇ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನೂ ಅಪಾಯಕಾರಿಯಾದದ್ದು ಅಡಿಟಿಪ್ಪಣಿಯ ಅಂಕಿ. ಕಬ್ಬಿಣದ 1538ರ ನೆತ್ತಿಯ ಮೇಲೆ ಸಣ್ಣದಾಗಿ 4 ಎಂದು ಟಿಪ್ಪಣಿಯ ಸಂಖ್ಯೆ ಕೂರಿಸಿದ್ದರೆ ಓದುವ ನಮಗೆ ಎರಡೂ ಬೇರೆ ಎಂದು ಗೊತ್ತಾಗುತ್ತದೆ. ಸೆಲ್‌ನ ಪಠ್ಯವನ್ನು ಮಾತ್ರ ತೆಗೆದುಕೊಳ್ಳುವ ಯಂತ್ರಕ್ಕೆ ಅದು 15384. ಸೂರ್ಯನ ಮೇಲ್ಮೈಯ ಉಷ್ಣತೆಯೇ ಸುಮಾರು 5,500 ಡಿಗ್ರಿ ಇರುವಾಗ ಕಬ್ಬಿಣ ಅದರ ಸುಮಾರು ಮೂರು ಪಟ್ಟಿನಲ್ಲಿ ಕರಗುತ್ತದೆಂದು ಪಟ್ಟಿ ಹೇಳತೊಡಗುತ್ತದೆ. ಟಿಪ್ಪಣಿಯ ಅಂಕಿ ಚೌಕಾವರಣದೊಳಗಿದ್ದರೆ ಯಂತ್ರ ಆವರಣದ ಬಳಿ ನಿಲ್ಲುವುದರಿಂದ ಬಚಾವಾಗುತ್ತೇವೆ, ಬರಿಯ ಅಂಕಿಯಿದ್ದರೆ ಇಲ್ಲ. ಆಡ್‌ಆನ್‌ನಲ್ಲಿ ಮೇಲಂಕಿಗಳನ್ನು ಲೆಕ್ಕಕ್ಕೆ ಹಿಡಿಯದಿರುವ ಆಯ್ಕೆ ಇದೆ, ಅದು ಮೊದಲಿಗೆ ಬಂದ್ ಆಗಿರುತ್ತದೆ. ಹಾಗಿರುವುದೂ ಸರಿಯೇ, ಏಕೆಂದರೆ ಹತ್ತರ ಘಾತಗಳಲ್ಲಿ ಬರೆದ ಸಂಖ್ಯೆಗಳಿರುವ ಕೋಷ್ಟಕದಲ್ಲಿ ಮೇಲಂಕಿಯನ್ನು ಬಿಟ್ಟರೆ ಸಂಖ್ಯೆಯ ಬೆಲೆಯೇ ಹೋಗುತ್ತದೆ. ಆದರೆ ಆ ಆಯ್ಕೆಯನ್ನು ಸೆಟ್ಟಿಂಗಿನ ಮೂರನೆಯ ಪುಟದಲ್ಲಿ ಅಡಗಿಸಿಟ್ಟಿರುವುದು ಸರಿಯಲ್ಲ. ಸೆಲ್‌ಗಳಲ್ಲಿ ಮೇಲಂಕಿ ಕಂಡಾಗ ಕಾಲಂನ ತಲೆಯ ಮೇಲೆಯೇ ಒಂದು ಎಚ್ಚರಿಕೆಯ ಗುರುತು ಬರಬೇಕಿತ್ತು.

ವಿಕಿಪೀಡಿಯದ ವಿಷಯದಲ್ಲಿ ಆಡ್‌ಆನ್ ಜಾಣತನ ತೋರಿದೆ. ಅಲ್ಲಿ ಕೋಷ್ಟಕ ಬರೆಯುವವರು ಸೆಲ್ ಒಂದಕ್ಕೆ ಕಣ್ಣಿಗೆ ಕಾಣದ ವಿಂಗಡಣೆಯ ಬೆಲೆಯನ್ನು ಬೇರೆಯಾಗಿ ಕೊಡಬಹುದು. ‘ಸುಮಾರು ಎರಡು ಸಾವಿರ’ ಎಂದು ಬರೆದ ಸೆಲ್‌ಗೆ 2000 ಎಂಬ ಬೆಲೆ ಇರಬಹುದು. ಆಡ್‌ಆನ್ ಮೊದಲು ಆ ಬೆಲೆ ಇದೆಯೇ ಎಂದು ನೋಡಿ, ಇದ್ದರೆ ಅದನ್ನೇ ಗೌರವಿಸುತ್ತದೆ.

ಕಾಲಂನ ಬಗೆಯನ್ನು ತೋರಿಸುವ ಮತ್ತು ಬದಲಿಸುವ ಸೌಲಭ್ಯ ಇದರ ಅತ್ಯುತ್ತಮ ಗುಣ. ಬಾಣದ ಪಕ್ಕದಲ್ಲಿ ಒಂದು ಸಣ್ಣ ಚಿಹ್ನೆ ಇರುತ್ತದೆ: ಈ ಕಾಲಂ ಅನ್ನು ನಾನು ಸಂಖ್ಯೆ ಎಂದು ತಿಳಿದಿದ್ದೇನೆ, ಪದ ಎಂದು ತಿಳಿದಿದ್ದೇನೆ, ದಿನಾಂಕ ಎಂದು ತಿಳಿದಿದ್ದೇನೆ ಎಂದು ಅದು ಹೇಳುತ್ತದೆ. ತಪ್ಪೆನಿಸಿದರೆ ಒತ್ತಿ ಬದಲಿಸಬಹುದು. ಅದರ ಮೇಲೆ ಮೌಸ್ ಇಟ್ಟರೆ ಆ ಕಾಲಂನಲ್ಲಿ ಎಷ್ಟು ಸೆಲ್‌ಗಳನ್ನು ಹಾಗೆ ಓದಲು ಆಗಲಿಲ್ಲ ಎಂಬ ಲೆಕ್ಕ ಕಾಣುತ್ತದೆ. ಓದಲಾಗದ ಸೆಲ್‌ಗಳ ಸಾಲುಗಳು, ಖಾಲಿ ಬಿಟ್ಟವು, ಅಡ್ಡಗೆರೆ ಎಳೆದವು, ‘ಲಭ್ಯವಿಲ್ಲ’ ಎಂದು ಬರೆದವು, ಏರಿಕೆಯಿರಲಿ ಇಳಿಕೆಯಿರಲಿ ಯಾವಾಗಲೂ ಕೆಳತುದಿಗೆ ಹೋಗುತ್ತವೆ. ಖಾಲಿ ಸೆಲ್ಲನ್ನು ಸೊನ್ನೆ ಎಂದು ಓದುವ ಉಪಕರಣಗಳನ್ನು ನಾನು ನೋಡಿದ್ದೇನೆ. ಅಳತೆಯೇ ಆಗಿಲ್ಲದ್ದನ್ನು ಸೊನ್ನೆ ಎಂದು ಹೇಳುವುದು ಅಂಕಿ ಅಂಶದಲ್ಲಿ ಸಣ್ಣ ತಪ್ಪಲ್ಲ, ಹಾಗಾಗಿ ಈ ಎಚ್ಚರಕ್ಕೆ ನನ್ನ ಮನಸ್ಸಿನಲ್ಲಿ ದೊಡ್ಡ ಬೆಲೆ ಇದೆ.

ದಿನಾಂಕದ ವಿಷಯದಲ್ಲೂ ಅಷ್ಟೇ. 03/04/2021 ಎಂದರೆ ಏಪ್ರಿಲ್ 3 ಎಂದು ಕೆಲವರು, ಮಾರ್ಚ್ 4 ಎಂದು ಕೆಲವರು ಓದುತ್ತಾರೆ. ಅದೇ ಕಾಲಂನಲ್ಲಿ 25/04/2021 ಎಂಬಂಥ ಒಂದು ಸೆಲ್ ಇದ್ದರೆ ಮೊದಲ ಅಂಕಿ ದಿನವೇ ಆಗಿರಬೇಕೆಂದು ಗೊತ್ತಾಗುತ್ತದೆ, ಆಡ್‌ಆನ್ ಇಡೀ ಕಾಲಂ ನೋಡಿ ಆ ಸುಳಿವನ್ನು ಹಿಡಿಯುತ್ತದೆ. ಸುಳಿವು ಸಿಗದಿದ್ದರೆ ಚಿಹ್ನೆಯ ಮೇಲೆ ಪ್ರಶ್ನಾರ್ಥಕ ಗುರುತು ಹಾಕಿ ನಮ್ಮನ್ನು ಕೇಳುತ್ತದೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2021-04-03 ಎಂದು ಬರೆದ ಕೋಷ್ಟಕಗಳಿಗೆ ಈ ಯಾವ ಗೋಜೂ ಬೇಕಿಲ್ಲ, ಅವು ಪದವೆಂದು ವಿಂಗಡಿಸಿದರೂ ಸರಿಯಾಗಿಯೇ ಬರುತ್ತವೆ.

ಎರಡು ಕಾಲಂಗಳನ್ನು ಸೇರಿಸಿ ವಿಂಗಡಿಸಲು ಪ್ರತ್ಯೇಕ ವ್ಯವಸ್ಥೆ ಇಲ್ಲ, ಬೇಕಾಗಿಯೂ ಇಲ್ಲ. ಮೊದಲು ಎರಡನೆಯ ಆದ್ಯತೆಯ ಕಾಲಂ, ಆಮೇಲೆ ಮೊದಲ ಆದ್ಯತೆಯ ಕಾಲಂ ಒತ್ತಿದರೆ ಸಾಕು. ಸಮಾನ ಬೆಲೆಯ ಸಾಲುಗಳು ತಮ್ಮ ಹಿಂದಿನ ಕ್ರಮವನ್ನು ಬಿಟ್ಟುಕೊಡದಿರುವುದರಿಂದ ಇದು ಸಾಧ್ಯವಾಗುತ್ತದೆ. ಈ ಸ್ಥಿರತೆಯನ್ನು ಜಾವಾಸ್ಕ್ರಿಪ್ಟಿನ 2019ರ ಮಾನದಂಡ ಕಡ್ಡಾಯ ಮಾಡಿತು. ಅದಕ್ಕಿಂತ ಹಿಂದೆ ಬ್ರೌಸರಿಗೊಂದು ರೀತಿ ಇರಬಹುದಾಗಿತ್ತು. ಈ ಉಪಾಯವನ್ನು ಆಡ್‌ಆನ್‌ನ ಸಹಾಯ ಪುಟದಲ್ಲಿ ಎಲ್ಲಿಯೂ ಹೇಳಿಲ್ಲ ಎಂಬುದಷ್ಟೇ ಕೊರತೆ.

ಹುಡುಕಾಟದ ಭಾಗವನ್ನು ನಾನು ವಿಂಗಡಣೆಗಿಂತಲೂ ಹೆಚ್ಚು ಬಳಸುತ್ತೇನೆ. ಬ್ರೌಸರಿನ ಮಾಮೂಲಿ ಹುಡುಕಾಟ ಪದ ಸಿಕ್ಕ ಕಡೆ ಬಣ್ಣ ಹಚ್ಚಿ ನಮ್ಮನ್ನು ಒಂದರಿಂದ ಇನ್ನೊಂದಕ್ಕೆ ಹಾರಿಸುತ್ತದೆ. ಸಿಕ್ಕ ಸಾಲುಗಳನ್ನು ಒಟ್ಟಿಗೆ ಇಟ್ಟು ನೋಡಲು ಅದರಿಂದ ಆಗುವುದಿಲ್ಲ. ಇಲ್ಲಿ ಹೊಂದದ ಸಾಲುಗಳು ಮರೆಯಾಗಿ ಹೊಂದಿದವು ಮಾತ್ರ ಉಳಿಯುತ್ತವೆ. ಒಂದು ಕಾಲಂನ ಚೌಕದಲ್ಲಿ ಪದ, ಇನ್ನೊಂದರಲ್ಲಿ ‘500ಕ್ಕಿಂತ ಹೆಚ್ಚು’ ಎಂಬ ಅರ್ಥದ ಚಿಹ್ನೆ ಕೊಟ್ಟರೆ ಎರಡಕ್ಕೂ ಹೊಂದುವ ಸಾಲುಗಳು ಬರುತ್ತವೆ. ಮೇಲ್ಗಡೆ ‘412ರಲ್ಲಿ 17’ ಎಂದು ಎಣಿಕೆ ಕಾಣುತ್ತಿರುತ್ತದೆ. ಪದ ಹೊಂದಿಸಲು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಅಕ್ಷರಗಳ ವಿನ್ಯಾಸವನ್ನು ಸೂಚಿಸುವ ಸೂತ್ರ, ಬಳಸುವವರಿಗೆ ಅದೂ ಇದೆ.

ಇಲ್ಲಿಯೇ ಒಂದು ಅನುಭವ ಹೇಳಬೇಕು. ಒಮ್ಮೆ ಹುಡುಕಾಟದಿಂದ ಹದಿನೇಳು ಸಾಲುಗಳಿಗೆ ಇಳಿಸಿಕೊಂಡು, ಆಡ್‌ಆನ್‌ನದೇ ಕಾಪಿ ಗುಂಡಿಯನ್ನು ಒತ್ತಿ, ಸ್ಪ್ರೆಡ್‌ಶೀಟಿಗೆ ಅಂಟಿಸಿ, ಕೆಳಗೆ ಮೊತ್ತ ಹಾಕಿದೆ. ಮೊತ್ತ ನಾನು ಅಂದಾಜಿಸಿದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಮತ್ತೆ ನೋಡಿದಾಗ ಅಂಟಿಕೊಂಡದ್ದು 412 ಸಾಲುಗಳೂ ಎಂದು ಗೊತ್ತಾಯಿತು. ಮರೆಯಾದ ಸಾಲುಗಳನ್ನೂ ಕಾಪಿ ಗುಂಡಿ ಎತ್ತಿಕೊಂಡು ಬಂದಿತ್ತು. ಅಂದಾಜು ಮೊದಲೇ ಮನಸ್ಸಿನಲ್ಲಿ ಇದ್ದುದರಿಂದ ತಪ್ಪು ಸಿಕ್ಕಿತು, ಇಲ್ಲದಿದ್ದರೆ ಆ ಮೊತ್ತವೇ ಮುಂದಕ್ಕೆ ಹೋಗುತ್ತಿತ್ತು. ಈಗಿನ ಆವೃತ್ತಿಯಲ್ಲಿ ‘ಕಾಣುವ ಸಾಲುಗಳು’ ಮತ್ತು ‘ಎಲ್ಲ ಸಾಲುಗಳು’ ಎಂದು ಎರಡು ಗುಂಡಿಗಳಿವೆ. ಆದರೂ ಅಂಟಿಸಿದ ಮೇಲೆ ಸಾಲುಗಳನ್ನು ಎಣಿಸಿ, ಮೇಲಿನ ಎಣಿಕೆಯೊಂದಿಗೆ ತಾಳೆ ನೋಡುವ ಅಭ್ಯಾಸವನ್ನು ನಾನು ಬಿಟ್ಟಿಲ್ಲ.

ಕನ್ನಡದ ಕೋಷ್ಟಕಗಳಲ್ಲಿ ಆಡ್‌ಆನ್ ನನಗೆ ಅತಿ ಹೆಚ್ಚು ನಿರಾಸೆ ಮಾಡಿದೆ. ಅದು ಪದಗಳನ್ನು ಯುನಿಕೋಡ್ ಸಂಕೇತಸಂಖ್ಯೆಯ ಕ್ರಮದಲ್ಲಿ ಹೋಲಿಸುತ್ತದೆ. ನಮ್ಮ ವರ್ಣಮಾಲೆಯಲ್ಲಿ ಯ, ರ, ಲ, ವ, ಶ, ಷ, ಸ, ಹ ಮುಗಿದ ಮೇಲೆ ಳ ಬರುತ್ತದೆ. ಯುನಿಕೋಡ್‌ನ ಕನ್ನಡ ಕೋಷ್ಟಕದಲ್ಲಿ ಳ ಇರುವುದು ಲ ಅಕ್ಷರದ ಮಗ್ಗುಲಲ್ಲಿ, ವ ಬರುವುದಕ್ಕೂ ಮೊದಲು. ಖನಿಜಗಳ ಬಣ್ಣದ ಕಾಲಂ ಒಂದನ್ನು ಏರಿಕೆ ಕ್ರಮದಲ್ಲಿ ಇಟ್ಟಾಗ ಹಳದಿ ಮೊದಲು, ಹಸಿರು ಆಮೇಲೆ ಬಂದದ್ದು ಇದೇ ಕಾರಣಕ್ಕೆ. ನಿಘಂಟು ನೋಡಿ ಅಭ್ಯಾಸವಿದ್ದವರು ಹಸಿರಿನ ನಂತರ ಹಳದಿಯನ್ನು ಹುಡುಕಿ, ಅಲ್ಲಿ ಕಾಣದೆ, ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ ಎಂದು ತಿಳಿಯಬಹುದು. ಭಾಷೆಯನ್ನು ಗಮನದಲ್ಲಿಟ್ಟು ಪದಗಳನ್ನು ಹೋಲಿಸುವ ಸೌಲಭ್ಯ ಬ್ರೌಸರುಗಳ ಒಳಗೇ ಇದೆ, ಆಡ್‌ಆನ್ ಅದನ್ನು ಬಳಸಿಕೊಂಡಿಲ್ಲ ಅಷ್ಟೇ. ಕನ್ನಡ ಅಂಕಿಗಳ ಕತೆಯೂ ಹೀಗೆಯೇ: ೧೦೬೪ ಎಂದು ಬರೆದಿದ್ದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ, ಕಾಲಂ ಪದವಾಗಿಬಿಡುತ್ತದೆ, ಚಿನ್ನ ಮತ್ತೆ ಮೊದಲ ಸಾಲಿಗೆ ಬರುತ್ತದೆ.

ಹುಡುಕಾಟದಲ್ಲಿ ಇನ್ನೂ ಸೂಕ್ಷ್ಮವಾದ ತೊಡಕುಗಳಿವೆ. ಟಂಗ್‌ಸ್ಟನ್ ಎಂಬ ಪದವನ್ನು ಕೆಲವರು ಗಕಾರದ ಬಳಿ ಒತ್ತಕ್ಷರ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರವನ್ನು ಹಾಕಿ ಬರೆಯುತ್ತಾರೆ. ಇನ್ನು ಕೆಲವರು ಅದಿಲ್ಲದೆ ಟಂಗ್ಸ್ಟನ್ ಎಂದು ಬರೆಯುತ್ತಾರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಓಕಾರದ ದೀರ್ಘಸ್ವರ ಚಿಹ್ನೆಯನ್ನು ಒಂದೇ ಅಕ್ಷರವಾಗಿ ಬರೆಯಬಹುದು, ಮೂರು ತುಣುಕುಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಹೋಲಿಕೆಯಲ್ಲಿ ಬೇರೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ವಿಧಾನವನ್ನು ಯುನಿಕೋಡ್ ಎಂದೋ ಗೊತ್ತುಮಾಡಿದೆ, ಜಾವಾಸ್ಕ್ರಿಪ್ಟಿನಲ್ಲಿ ಅದಕ್ಕೆ ಒಂದೇ ಆಜ್ಞೆ ಸಾಕು. ಕಾಣದ ಅಕ್ಷರವನ್ನು ಬಿಟ್ಟು ಹೋಲಿಸುವುದೂ ಕಷ್ಟವಲ್ಲ. ಇವೆರಡನ್ನೂ ಅಳವಡಿಸಿದರೆ ಕನ್ನಡಕ್ಕೆ ಮಾತ್ರವಲ್ಲ, ಇದೇ ಬಗೆಯ ಲಿಪಿಗಳಲ್ಲಿ ಬರೆಯುವ ಎಲ್ಲರಿಗೂ ಅನುಕೂಲವಾಗುತ್ತದೆ. ಅಲ್ಲಿಯವರೆಗೆ ನಾನು ಪೂರ್ತಿ ಪದವನ್ನು ಬಿಟ್ಟು ‘ಸ್ಟನ್’ ಎಂಬಂಥ ತುಣುಕನ್ನು ಕೊಟ್ಟು ಹುಡುಕುತ್ತಿದ್ದೇನೆ.

ಕೋಷ್ಟಕದ ಕಟ್ಟೋಣವೇ ಅಡ್ಡಬರುವ ಸಂದರ್ಭಗಳೂ ಇವೆ. ಒಂದು ಸೆಲ್ ಮೂರು ಸಾಲುಗಳಿಗೆ ಚಾಚಿಕೊಂಡಿದ್ದರೆ, ಅಂದರೆ ಗುಂಪಿನ ಹೆಸರನ್ನು ಒಮ್ಮೆ ಬರೆದು ಅದರ ಎದುರು ಮೂರು ಸಾಲು ಇಟ್ಟಿದ್ದರೆ, ಆ ಸಾಲುಗಳನ್ನು ಬಿಡಿಸಿ ಬೇರೆ ಬೇರೆ ಕಡೆ ಇಡಲು ಬರುವುದಿಲ್ಲ. ಅನೇಕ ಉಪಕರಣಗಳು ಇಲ್ಲಿ ಕಾಲಂಗಳನ್ನೇ ಕದಲಿಸಿ, ಒಂದರ ಅಂಕಿ ಇನ್ನೊಂದರ ಕೆಳಗೆ ಬರುವಂತೆ ಮಾಡುತ್ತವೆ. ನಮ್ಮ ಆಡ್‌ಆನ್ ಚಾಚಿದ ಸೆಲ್ಲನ್ನು ಮೂರು ಸಾಲುಗಳಿಗೂ ನಕಲು ಮಾಡಿ ಆಮೇಲೆ ವಿಂಗಡಿಸುತ್ತದೆ, ನಕಲಾದ ಸೆಲ್‌ಗಳಿಗೆ ಮಾಸಲು ಬಣ್ಣ ಹಚ್ಚಿ ತೋರಿಸುತ್ತದೆ. ಒಳ್ಳೆಯ ಪರಿಹಾರ. ‘ಒಟ್ಟು’ ಎಂಬ ಕೊನೆಯ ಸಾಲಿನ ವಿಷಯದಲ್ಲಿ ಅದು ಇಷ್ಟು ಒಳ್ಳೆಯದಲ್ಲ. ಎಚ್‌ಟಿಎಂಎಲ್‌ನಲ್ಲಿ ಅಡಿಸಾಲಿಗೆಂದು ಬೇರೆಯೇ ಭಾಗ ಇದೆ, ಪುಟ ಮಾಡಿದವರು ಅದನ್ನು ಬಳಸಿದ್ದರೆ ಆ ಸಾಲು ಕದಲುವುದಿಲ್ಲ. ಬಳಸದಿದ್ದರೆ ಇಳಿಕೆ ಕ್ರಮದಲ್ಲಿ ‘ಒಟ್ಟು’ ಎಲ್ಲಕ್ಕಿಂತ ಮೇಲೆ ಬಂದು ಕೂರುತ್ತದೆ. ಸಾಲಿನ ಮೇಲೆ ಬಲಗುಂಡಿ ಒತ್ತಿ ‘ಕದಲಿಸಬೇಡ’ ಎಂದು ಹೇಳುವ ಅವಕಾಶ ಇದೆ, ಆದರೆ ಪ್ರತಿ ಬಾರಿಯೂ ಹೇಳಬೇಕು.

ಕೋಷ್ಟಕದಂತೆ ಕಂಡರೂ ಕೋಷ್ಟಕವಲ್ಲದ ವಸ್ತುಗಳು ಇಂದಿನ ಪುಟಗಳಲ್ಲಿ ಬಹಳ. ಚೌಕಗಳನ್ನು ಸಾಲಾಗಿ ಜೋಡಿಸಿ ಮಾಡಿದ ಅಂಥವನ್ನು ಆಡ್‌ಆನ್ ಗುರುತಿಸುವುದಿಲ್ಲ. ಇನ್ನು ಕೆಲವು ಪುಟಗಳು ಸಾವಿರಾರು ಸಾಲುಗಳಿದ್ದರೂ ತೆರೆಯ ಮೇಲೆ ಕಾಣುವಷ್ಟನ್ನು ಮಾತ್ರ ಇಟ್ಟುಕೊಂಡು, ನಾವು ಸ್ಕ್ರಾಲ್ ಮಾಡಿದಂತೆ ಹಳೆಯದನ್ನು ತೆಗೆದು ಹೊಸದನ್ನು ತರುತ್ತವೆ. ಅಲ್ಲಿ ವಿಂಗಡಣೆ ಎಂದರೆ ಆ ಕ್ಷಣಕ್ಕೆ ಇದ್ದ ಮೂವತ್ತು ನಲವತ್ತು ಸಾಲುಗಳದು ಮಾತ್ರ. ‘ಮುಂದಿನ ಪುಟ’ ಎಂದು ಭಾಗ ಮಾಡಿದ ಕೋಷ್ಟಕಗಳಲ್ಲೂ ಇದೇ ಮಿತಿ: ಈ ಪುಟದ ಐವತ್ತರಲ್ಲಿ ಅತಿ ಹೆಚ್ಚಿನದು ಸಿಗುತ್ತದೆ, ಇಡೀ ಪಟ್ಟಿಯಲ್ಲಿ ಅಲ್ಲ. ಇದು ಆಡ್‌ಆನ್‌ನ ದೋಷವಲ್ಲ, ಪುಟದಲ್ಲಿ ಇಲ್ಲದ್ದನ್ನು ಅದು ವಿಂಗಡಿಸಲಾರದು. ಆದರೆ ಕೋಷ್ಟಕದ ಕೆಳಗೆ ಪುಟಸಂಖ್ಯೆಗಳ ಸಾಲು ಇರುವುದನ್ನು ಕಂಡು ‘ಇದು ಪೂರ್ತಿ ಪಟ್ಟಿ ಅಲ್ಲದಿರಬಹುದು’ ಎಂದು ಒಂದು ಮಾತು ಹೇಳುವುದು ಅದರ ಕೈಯಲ್ಲಿದೆ. ಹೊಸಬರು ಮೋಸಹೋಗುವುದು ಹೆಚ್ಚಾಗಿ ಇಲ್ಲಿಯೇ.

ವೇಗದ ಬಗ್ಗೆ ದೂರಿಲ್ಲ. ಎರಡು ಮೂರು ಸಾವಿರ ಸಾಲುಗಳವರೆಗೆ ನಾನು ಕಾಯಬೇಕಾಗಿ ಬಂದಿಲ್ಲ.

ಅನುಮತಿಯ ಮಾತು ಉಳಿದಿದೆ, ಅದನ್ನು ಹಗುರವಾಗಿ ಬಿಡುವಂತಿಲ್ಲ. ಕೋಷ್ಟಕ ಓದಬೇಕಾದರೆ ಆಡ್‌ಆನ್ ಪುಟವನ್ನು ಓದಬೇಕು, ಸಾಲುಗಳನ್ನು ಕದಲಿಸಬೇಕಾದರೆ ಪುಟವನ್ನು ಬದಲಿಸಬೇಕು. ಇಂಥ ಅನೇಕ ಆಡ್‌ಆನ್‌ಗಳು ಹಾಕಿಕೊಳ್ಳುವಾಗಲೇ ಎಲ್ಲ ಜಾಲತಾಣಗಳಲ್ಲಿನ ನಿಮ್ಮ ಎಲ್ಲ ಮಾಹಿತಿಯನ್ನು ಓದಲು ಮತ್ತು ಬದಲಿಸಲು ಅನುಮತಿ ಕೇಳುತ್ತವೆ. ಅಂದರೆ ಬ್ಯಾಂಕಿನ ಪುಟ, ಮಿಂಚಂಚೆಯ ಪುಟ ಎಲ್ಲವೂ ಅದರಲ್ಲಿ ಸೇರಿದವು. ಇಂದು ಪ್ರಾಮಾಣಿಕವಾಗಿರುವ ಆಡ್‌ಆನ್ ನಾಳೆ ಬೇರೆಯವರ ಕೈಗೆ ಹೋಗಬಹುದು. ದಿ ಗ್ರೇಟ್ ಸಸ್ಪೆಂಡರ್ ಎಂಬ ಜನಪ್ರಿಯ ಆಡ್‌ಆನ್ 2020ರಲ್ಲಿ ಹೊಸ ಮಾಲೀಕರ ಕೈಗೆ ಹೋಯಿತು, 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಹಾನಿಕಾರಕವೆಂದು ತನ್ನ ಮಳಿಗೆಯಿಂದ ತೆಗೆದುಹಾಕಿತು. ನಾನು ಬಳಸುತ್ತಿರುವುದು ಗುರುತನ್ನು ಒತ್ತಿದಾಗ, ಆ ಒಂದು ಟ್ಯಾಬ್‌ಗೆ ಮಾತ್ರ ಪ್ರವೇಶ ಪಡೆಯುವ ಕಿರಿದಾದ ಅನುಮತಿಯನ್ನು ಕೇಳುತ್ತದೆ. ಇದನ್ನು ಆರಿಸಿಕೊಂಡದ್ದಕ್ಕೆ ಇದೇ ಮೊದಲ ಕಾರಣ. ವಿಶಾಲ ಅನುಮತಿ ಕೇಳುವ ಆಡ್‌ಆನ್ ನಿಮ್ಮ ಬಳಿ ಇದ್ದರೆ, ಕ್ರೋಮ್‌ನಲ್ಲಿ ಅದರ ವಿವರದ ಪುಟ ತೆರೆದು ಜಾಲತಾಣದ ಪ್ರವೇಶವನ್ನು ‘ಕ್ಲಿಕ್ ಮಾಡಿದ ಮೇಲೆ’ ಎಂದು ಬದಲಿಸಿಕೊಳ್ಳಬಹುದು.

ಸ್ಪ್ರೆಡ್‌ಶೀಟನ್ನು ನಾನು ಪೂರ್ತಿ ಬಿಟ್ಟಿಲ್ಲ. ಒಂದೇ ಕೋಷ್ಟಕಕ್ಕೆ ಪದೇ ಪದೇ ಮರಳಬೇಕಿದ್ದರೆ, ಎರಡು ಪುಟಗಳ ಕೋಷ್ಟಕಗಳನ್ನು ಜೋಡಿಸಬೇಕಿದ್ದರೆ, ಲೆಕ್ಕ ಹಾಕಿ ಇಟ್ಟುಕೊಳ್ಳಬೇಕಿದ್ದರೆ ಅದೇ ಸರಿಯಾದ ಜಾಗ. ಗೂಗಲ್ ಶೀಟ್ಸ್‌ನಲ್ಲಿ ಪುಟದ ವಿಳಾಸ ಕೊಟ್ಟು ಅದರ ಇಂತಿಷ್ಟನೆಯ ಕೋಷ್ಟಕವನ್ನು ನೇರವಾಗಿ ತರಿಸಿಕೊಳ್ಳುವ ಸೂತ್ರವೂ ಇದೆ. ಆದರೆ ಲಾಗಿನ್ ಆದ ಮೇಲೆ ಮಾತ್ರ ಕಾಣುವ ಪುಟಗಳಿಗೆ ಆ ಸೂತ್ರ ನಡೆಯುವುದಿಲ್ಲ, ಈ ಆಡ್‌ಆನ್ ನಡೆಯುತ್ತದೆ, ಏಕೆಂದರೆ ಅದು ಓದುವುದು ನಮ್ಮ ಕಣ್ಣೆದುರು ತೆರೆದಿರುವ ಪುಟವನ್ನೇ. ಓದುತ್ತಿರುವಾಗ ಹುಟ್ಟುವ ಪ್ರಶ್ನೆಗೆ, ಓದುತ್ತಿರುವ ಜಾಗದಲ್ಲೇ, ಕೆಲವೇ ಕ್ಷಣಗಳಲ್ಲಿ ಉತ್ತರ ಪಡೆಯಬೇಕಿದ್ದರೆ ನಾನು ಕೈಚಾಚುವುದು ಇದಕ್ಕೇ. ಅಂಕಿಗಳ ಕಾಲಂಗಳಲ್ಲಿ, ಬಗೆಯ ಚಿಹ್ನೆಯನ್ನು ಒಮ್ಮೆ ನೋಡಿಕೊಂಡ ಮೇಲೆ, ಅದು ಕೊಟ್ಟ ಕ್ರಮವನ್ನು ನಂಬುತ್ತೇನೆ. ಕನ್ನಡ ಪದಗಳ ಕಾಲಂಗಳಲ್ಲಿ ಇನ್ನೂ ನಂಬುತ್ತಿಲ್ಲ. ಹಸಿರು, ಹಳದಿ ಎಂಬ ಎರಡೇ ಸಾಲುಗಳ ಒಂದು ಕೋಷ್ಟಕ ಮಾಡಿ ಆಡ್‌ಆನ್‌ನ ತಯಾರಕರಿಗೆ ವಿವರಣೆಯೊಂದಿಗೆ ಕಳುಹಿಸಿದ್ದೇನೆ, ಪ್ರತಿ ಹೊಸ ಆವೃತ್ತಿ ಬಂದಾಗಲೂ ಮೊದಲು ತೆರೆದು ನೋಡುವುದು ಅದನ್ನೇ.